ಮಗನ ಮುಂದೊಗಲು ಬಿಗಿಯಿದ್ದರೆ ಬರೆಯುವ ಸ್ಟಿರಾಯ್ಡ್ ಕ್ರೀಮು: ಯಾವುದು ಎಷ್ಟು ಜೋರು, ಹೇಗೆ ಹಚ್ಚಬೇಕು

ನಮ್ಮ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು, ಜ್ವರದ ಮಾತ್ರೆ ಎಲ್ಲಾ ಜೋರಾಗಿಯೇ ಕೇಳುತ್ತಾರೆ. ಈ ಒಂದು ಚೀಟಿ ಮಾತ್ರ ಮಡಚಿಕೊಂಡು ಬರುತ್ತದೆ. "ಅಕ್ಕಾ, ಸ್ವಲ್ಪ ಈ ಕಡೆ ಬರ್ತೀರಾ" ಅಂತ ಕೌಂಟರಿನ ತುದಿಗೆ ಕರೆಯುತ್ತಾರೆ. ಮಗನಿಗೆ ಐದೋ ಆರೋ ವರ್ಷ, ಉಚ್ಚೆ ಹೊಯ್ಯುವ ಜಾಗದ ತುದಿ ಚರ್ಮ ಹಿಂದೆ ಸರಿಯುವುದಿಲ್ಲ, ಡಾಕ್ಟ್ರು ಒಂದು ಕ್ರೀಮು ಬರೆದಿದ್ದಾರೆ, ಮೊಬೈಲಲ್ಲಿ ಹುಡುಕಿದರೆ ಅದು ಸ್ಟಿರಾಯ್ಡ್ ಅಂತ ಬಂತು, ಈಗ ಹಚ್ಚಬೇಕೋ ಬೇಡವೋ ಅಂತ ಭಯ. ಇನ್ನು ಕೆಲವರದ್ದು ಉಲ್ಟಾ. ಎರಡು ವಾರ ಹಚ್ಚಿದ್ವಿ, ಏನೂ ಆಗ್ಲಿಲ್ಲ, ಇದಕ್ಕಿಂತ ಪವರ್ ಜಾಸ್ತಿ ಇರೋದು ಕೊಡಿ ಅಂತ ಬರುತ್ತಾರೆ.

ದಾವಣಗೆರೆಯಲ್ಲಿ ನಾನೂ ನಮ್ಮ ಮನೆಯವರೂ ಸೇರಿ ಮೆಡಿಕಲ್ ಶಾಪ್ ನಡೆಸುತ್ತೇವೆ. ನಾನು ಬಿ.ಫಾರ್ಮ ಓದಿದವಳು. ನನ್ನ ಮಗನಿಗೂ ಇಂಥದೇ ಕ್ರೀಮನ್ನು ಆರು ವಾರ ಹಚ್ಚಿದ್ದೇನೆ. ಕೌಂಟರಿನ ತುದಿಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ನಿಧಾನಕ್ಕೆ ಬರೆಯುತ್ತಿದ್ದೇನೆ. ಇದನ್ನು ಓದಿಕೊಂಡು ನೀವೇ ಅಂಗಡಿಗೆ ಹೋಗಿ ಟ್ಯೂಬು ತರಬೇಡಿ, ದಯವಿಟ್ಟು. ಮಗುವನ್ನು ಡಾಕ್ಟ್ರು ಒಮ್ಮೆ ಕಣ್ಣಾರೆ ನೋಡಲೇಬೇಕು. ಅವರು ಬರೆದುಕೊಟ್ಟ ಮೇಲೆ, ಬರೆದಿದ್ದು ಎಷ್ಟು ಜೋರಿನದು, ಅದನ್ನು ಹೇಗೆ ಹಚ್ಚಿದರೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇದು.

ಮೊದಲು, ಕ್ರೀಮು ಬೇಕಾ?

ಆ ತುದಿಯ ಚರ್ಮಕ್ಕೆ ಮುಂದೊಗಲು ಅನ್ನುತ್ತಾರೆ. ಅದು ಬಿಗಿಯಾಗಿ ಹಿಂದೆ ಸರಿಯದಿದ್ದರೆ ಡಾಕ್ಟ್ರು ಚೀಟಿಯಲ್ಲಿ ಫೈಮೋಸಿಸ್ ಅಂತ ಬರೆಯುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಹುಟ್ಟುವ ಗಂಡುಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದು ಇದ್ದೇ ಇರುತ್ತದೆ. ಮುಂದೊಗಲಿನ ಒಳಭಾಗ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ, ಬೆಳೆಯುತ್ತಾ ಬೆಳೆಯುತ್ತಾ ತಾನೇ ಬಿಡುತ್ತದೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿ ಬರೆದ ಲೆಕ್ಕದ ಪ್ರಕಾರ ಹುಟ್ಟಿದಾಗ 100ರಲ್ಲಿ 4 ಮಕ್ಕಳಿಗೆ ಮಾತ್ರ ಚರ್ಮ ಪೂರ್ತಿ ಹಿಂದೆ ಸರಿಯುತ್ತದೆ, 3 ವರ್ಷಕ್ಕೆ 90 ಮಕ್ಕಳಿಗೆ ಸರಿಯುತ್ತದೆ. ಆಮೇಲಿನವರು ನೋಡಿದಾಗ ಅದು ಇಷ್ಟು ಬೇಗ ಆಗುವುದಿಲ್ಲ ಅಂತ ಗೊತ್ತಾಯಿತು. ಡೆನ್ಮಾರ್ಕಿನಲ್ಲಿ ಓಸ್ಟರ್ ಎಂಬ ವೈದ್ಯರು ಶಾಲೆ ಹುಡುಗರನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ 1968ರಲ್ಲಿ ಬರೆದರು. 6-7 ವಯಸ್ಸಿನಲ್ಲಿ 100ಕ್ಕೆ 8 ಹುಡುಗರಿಗೆ ಬಿಗಿ ಇತ್ತು, 16-17ಕ್ಕೆ ಬರುವಷ್ಟರಲ್ಲಿ ಅದು 1ಕ್ಕೆ ಇಳಿದಿತ್ತು. ಅಂಟಿಕೊಂಡಿರುವುದನ್ನು ಬೇರೆಯಾಗಿ ಎಣಿಸಿದರೆ 6-7ರಲ್ಲಿ 63 ಇದ್ದದ್ದು 16-17ರಲ್ಲಿ 3ಕ್ಕೆ ಇಳಿದಿತ್ತು. ಅಂದರೆ ಕಾಯುವುದೂ ಒಂದು ಚಿಕಿತ್ಸೆಯೇ. ಎರಡು ವರ್ಷದ ಮಗುವಿಗೆ ಚರ್ಮ ಸರಿಯುತ್ತಿಲ್ಲ ಅಂತ ಯಾರಾದರೂ ಕ್ರೀಮು ಕೇಳಲು ಬಂದರೆ, ಬೇರೆ ತೊಂದರೆ ಏನೂ ಇಲ್ಲದಿದ್ದರೆ ಸುಮ್ನೆ ಬಿಡಿ, ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟ್ರಿಗೆ ಒಮ್ಮೆ ತೋರಿಸಿ ಅಂತ ಹೇಳಿ ಕಳಿಸುತ್ತೇನೆ.

ಇನ್ನೆರಡು ವಿಷಯಕ್ಕೆ ತಾಯಂದಿರು ಸುಮ್ಮನೆ ಹೆದರುತ್ತಾರೆ. ಒಂದು, ಚರ್ಮದ ಕೆಳಗೆ ಸಬ್ಬಕ್ಕಿ ಕಾಳಿನ ಹಾಗೆ ಬಿಳಿ ಗಂಟು ಕಾಣುವುದು. ಅದು ಕೀವಲ್ಲ. ಉದುರಿದ ಚರ್ಮದ ಪುಡಿ ಒಳಗೆ ಗುಡ್ಡೆಯಾಗಿರುತ್ತದೆ, ಅಂಟು ಬಿಟ್ಟಾಗ ತಾನೇ ಹೊರಗೆ ಬರುತ್ತದೆ. ಇನ್ನೊಂದು, ಉಚ್ಚೆ ಹೊಯ್ಯುವಾಗ ತುದಿ ಬಲೂನಿನ ಹಾಗೆ ಉಬ್ಬುವುದು. ನೋವಿಲ್ಲದೆ, ಧಾರೆ ಚೆನ್ನಾಗಿ ಬಂದು, ಉಬ್ಬು ಇಳಿದುಹೋದರೆ ಸಾಮಾನ್ಯವಾಗಿ ಅದರಿಂದ ಕೆಡುಕಿಲ್ಲ.

ಹಾಗಾದರೆ ಕ್ರೀಮು ಯಾವಾಗ? ತುದಿ ಪದೇ ಪದೇ ಕೆಂಪಾಗಿ ಊದಿಕೊಂಡು ಕೀವಾಗುತ್ತಿದ್ದರೆ, ಮೂತ್ರದ ಸೋಂಕು ಮರುಕಳಿಸುತ್ತಿದ್ದರೆ, ಉಚ್ಚೆ ಹೊಯ್ಯುವಾಗ ಅಳುತ್ತಿದ್ದರೆ, ಶಾಲೆಗೆ ಹೋಗುವ ವಯಸ್ಸಾದರೂ ಬಿಗಿ ಸ್ವಲ್ಪವೂ ಸಡಿಲವಾಗದೆ ತೊಂದರೆ ಕೊಡುತ್ತಿದ್ದರೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಡಾಕ್ಟ್ರು ಮಗುವನ್ನು ನೋಡಿಯೇ ಹೇಳಬೇಕು.

ಎಳೆಯುವುದರ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಜಗಳೂರು ಕಡೆಯವರು. ಮಗುವಿಗೆ ಎಣ್ಣೆ ಹಚ್ಚಿ ನೀರು ಎರೆಯುವಾಗ ಆ ಚರ್ಮವನ್ನು ಹಿಂದಕ್ಕೆ ಎಳೆದು ಎಣ್ಣೆ ಬಿಡುವುದು ಅವರಿಗೆ ರೂಢಿ. "ಎಲ್ಲಾ ಗಂಡುಹುಡುಗ್ರಿಗೂ ಹಿಂಗೇ ಮಾಡಿ ಬೆಳಸಿದ್ದು ಕಣಮ್ಮ" ಅಂದರು. ಪ್ರೀತಿಯಿಂದಲೇ ಮಾಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ದಿನ ಮಗು ಕಿರುಚಿದ, ಚರ್ಮದ ಅಂಚು ಬಿರಿದು ಒಂದು ಹನಿ ರಕ್ತ ಬಂತು. ಹಾಗೆ ಬಿರಿದ ಜಾಗ ಮಾಯುವಾಗ ಗಾಯದ ಗುರುತು ಕಟ್ಟುತ್ತದೆ, ಆ ಗುರುತು ಹಿಗ್ಗುವುದಿಲ್ಲ, ತಾನಾಗಿ ಬಿಡಬೇಕಿದ್ದ ಚರ್ಮ ನಿಜವಾಗಿಯೂ ಬಿಗಿಯಾಗಿ ಕೂರುತ್ತದೆ. ಅತ್ತೆಗೆ ಇದನ್ನು ಡಾಕ್ಟ್ರ ಬಾಯಿಂದಲೇ ಹೇಳಿಸಿದೆ. ಅವತ್ತಿನಿಂದ ನಿಲ್ಲಿಸಿದರು. ನಿಮ್ಮ ಮನೆಯಲ್ಲೂ ಹಿರಿಯರು ಎಳೆಯುತ್ತಿದ್ದರೆ ಜಗಳ ಮಾಡಬೇಡಿ, ಅವರನ್ನೂ ಒಮ್ಮೆ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋಗಿ.

ಡಾಕ್ಟ್ರು ನೋಡಲೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಬೆಳವಣಿಗೆಯ ಭಾಗವಾಗಿ ಬಿಗಿ ಇರುವ ಚರ್ಮವನ್ನು ಮೆಲ್ಲಗೆ ಹಿಂದೆ ಸರಿಸಿದರೆ ತುದಿ ಹೂವಿನ ಮೊಗ್ಗು ಬಿರಿದ ಹಾಗೆ ತೆರೆದು, ಒಳಗಿನ ಮೆತ್ತನೆಯ ಗುಲಾಬಿ ಚರ್ಮ ಕಾಣುತ್ತದೆ. ಗಾಯದ ಗುರುತಿನಿಂದ ಬಿಗಿಯಾದದ್ದು ಹಾಗೆ ತೆರೆಯುವುದಿಲ್ಲ, ಬಿಳಿಚಿಕೊಂಡ ಗಟ್ಟಿ ಉಂಗುರ ಕಾಣುತ್ತದೆ. ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆಯಲ್ಲೂ ಹೀಗೆ ಬಿಳಿ ಉಂಗುರ ಆಗುತ್ತದೆ. ಮೊದಲನೆಯದಕ್ಕೆ ಕ್ರೀಮು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅಷ್ಟಾಗಿ ಮಾಡುವುದಿಲ್ಲ, ಹೆಚ್ಚಿನವರಿಗೆ ಆಪರೇಷನ್ನೇ ಬೇಕಾಗುತ್ತದೆ. ಮನೆಯಲ್ಲಿ ನೋಡಿ ಈ ವ್ಯತ್ಯಾಸ ಹೇಳುವುದು ಕಷ್ಟ. ಮೊದಲು ಸರಿಯಾಗಿ ಸರಿಯುತ್ತಿದ್ದ ಚರ್ಮ ದೊಡ್ಡ ಹುಡುಗನಿಗೆ ಹೊಸದಾಗಿ ಬಿಗಿಯಾಗಿ, ಪದೇ ಪದೇ ಸೋಂಕಾಗಿ, ಜೊತೆಗೆ ಬಾಯಾರಿಕೆ ಜಾಸ್ತಿ, ರಾತ್ರಿ ಎದ್ದು ಎದ್ದು ಉಚ್ಚೆಗೆ ಹೋಗುವುದು ಇದ್ದರೆ ಸಕ್ಕರೆ ಪರೀಕ್ಷೆ ಕೂಡ ತಡ ಮಾಡದೆ ಮಾಡಿಸಬೇಕು.

ಪರ್ಸೆಂಟ್ ನೋಡಿ ಜೋರು ಅಳೆಯಬೇಡಿ

ಇಲ್ಲಿಯೇ ಎಲ್ಲರೂ ಎಡವುವುದು. ಒಂದು ಟ್ಯೂಬಿನ ಮೇಲೆ 1% ಅಂತ ಇದೆ, ಇನ್ನೊಂದರ ಮೇಲೆ 0.05% ಅಂತ ಇದೆ. ಯಾವುದು ಜೋರು? ಹತ್ತರಲ್ಲಿ ಒಂಬತ್ತು ಜನ 1% ಅನ್ನುತ್ತಾರೆ. ಆದರೆ 1% ಹೈಡ್ರೋಕಾರ್ಟಿಸೋನ್ ಎಲ್ಲಕ್ಕಿಂತ ಸೌಮ್ಯದ ಸಾಲಿನಲ್ಲಿದೆ, 0.05% ಕ್ಲೋಬೆಟಾಸಾಲ್ ಎಲ್ಲಕ್ಕಿಂತ ಜೋರಿನ ಸಾಲಿನಲ್ಲಿದೆ.

ಮೆಣಸಿನಕಾಯಿ ಲೆಕ್ಕ ಹಾಕಿ ನೋಡಿ. ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಒಂದು ಹಿಡಿ ಹಾಕಿದರೂ ಬಣ್ಣ ಬರುತ್ತದೆ, ಮಕ್ಕಳು ಉಣ್ಣುತ್ತಾರೆ. ಗುಂಟೂರಿನದು ನಾಲ್ಕು ಹಾಕಿದರೆ ಕಣ್ಣಲ್ಲಿ ನೀರು. ಪರ್ಸೆಂಟ್ ಅನ್ನುವುದು ಎಷ್ಟು ಕಾಯಿ ಹಾಕಿದಿರಿ ಅಂತ ಮಾತ್ರ ಹೇಳುತ್ತದೆ. ಯಾವ ಊರಿನ ಕಾಯಿ ಅನ್ನುವುದು ಔಷಧದ ಹೆಸರಿನಲ್ಲಿರುತ್ತದೆ. ಎರಡು ಟ್ಯೂಬಿನ ಹೆಸರು ಪೂರ್ತಿ ಒಂದೇ ಆಗಿದ್ದಾಗ ಮಾತ್ರ ಪರ್ಸೆಂಟ್ ಹೋಲಿಸಬಹುದು.

ಬ್ರಿಟನ್ನಿನಲ್ಲಿ ಇವನ್ನು ನಾಲ್ಕು ಮೆಟ್ಟಿಲು ಮಾಡಿದ್ದಾರೆ, ಅಮೆರಿಕದಲ್ಲಿ ಏಳು. ನಾಲ್ಕರ ಲೆಕ್ಕವೇ ನಮಗೆ ಸಾಕು. ಕೆಳಗಿನ ಮೆಟ್ಟಿಲಲ್ಲಿ 1% ಹೈಡ್ರೋಕಾರ್ಟಿಸೋನ್. ಅದರ ಮೇಲೆ ಮಧ್ಯಮದ್ದು: 0.05% ಕ್ಲೋಬೆಟಾಸೋನ್ ಬ್ಯುಟಿರೇಟ್, ಅಂಗಡಿಗಳಲ್ಲಿ ಯುಮೋಸೋನ್ ಅಂತ ಸಿಗುತ್ತದೆ. ಮೂರನೆಯದು ಜೋರಿನದು: ಬೆಟ್ನೊವೇಟ್ ಅಂತ ಎಲ್ಲರಿಗೂ ಗೊತ್ತಿರುವ 0.1% ಬೀಟಾಮೆಥಸೋನ್ ವ್ಯಾಲರೇಟ್, 0.1% ಮೊಮೆಟಸೋನ್, 0.05% ಫ್ಲುಟಿಕಸೋನ್ ಕ್ರೀಮು ಎಲ್ಲಾ ಇಲ್ಲಿಗೆ ಬರುತ್ತವೆ. ತುತ್ತತುದಿಯಲ್ಲಿ ಅತಿ ಜೋರಿನದು: 0.05% ಕ್ಲೋಬೆಟಾಸಾಲ್ ಪ್ರೊಪಿಯೊನೇಟ್, ಟೆನೊವೇಟ್ ಅಂತ ಜನ ಕೇಳುವುದು ಇದನ್ನೇ.

ಈಗ ಎರಡನೇ ಮತ್ತು ನಾಲ್ಕನೇ ಮೆಟ್ಟಿಲಿನ ಹೆಸರನ್ನು ಮತ್ತೊಮ್ಮೆ ಓದಿ. ಕ್ಲೋಬೆಟಾಸೋನ್, ಕ್ಲೋಬೆಟಾಸಾಲ್. ಎರಡೂ 0.05%. ಕೊನೆಯ ಎರಡಕ್ಷರದಲ್ಲಿ ಮಾತ್ರ ವ್ಯತ್ಯಾಸ, ಆದರೆ ಒಂದು ಮಧ್ಯಮ, ಇನ್ನೊಂದು ಅತಿ ಜೋರು. ಕೈಬರಹದ ಚೀಟಿಯಲ್ಲಿ ಇದು ತಪ್ಪಿಹೋಗುವುದು ಬಹಳ ಸುಲಭ. ಚಿಕ್ಕ ಮಗುವಿನ ಚೀಟಿಯಲ್ಲಿ ಈ ಹೆಸರು ಕಂಡರೆ ನಾನು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿಯೇ ಕೊಡುತ್ತೇನೆ. ನೀವೂ ಟ್ಯೂಬಿನ ಮೇಲಿನ ಚಿಕ್ಕ ಅಕ್ಷರದ ಹೆಸರನ್ನು ಚೀಟಿಯ ಜೊತೆ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ಅನುಮಾನ ಬಂದರೆ ಅಂಗಡಿಯಲ್ಲೇ ಕೇಳಿ, ನಾಚಿಕೆ ಬೇಡ.

ಹೆಸರಿನ ಎರಡನೇ ಪದವೂ ಮುಖ್ಯ. ಬರೀ ಹೈಡ್ರೋಕಾರ್ಟಿಸೋನ್ ಸೌಮ್ಯ, ಅದರ ಜೊತೆ ಬ್ಯುಟಿರೇಟ್ ಸೇರಿದರೆ 0.1% ಇದ್ದರೂ ಅದು ಜೋರಿನ ಮೆಟ್ಟಿಲಿಗೆ ಹೋಗುತ್ತದೆ. ಹೆಸರೊಂದೇ, ಮನೆತನ ಬೇರೆ ಅಂತ ಇಟ್ಟುಕೊಳ್ಳಿ.

ಇನ್ನು ಬ್ರಾಂಡ್ ಹೆಸರಿನ ಬಾಲ. ಬೆಟ್ನೊವೇಟ್ ಅಂತ ಬರೆದಿದ್ದರೆ ಅದು ಬರೀ ಸ್ಟಿರಾಯ್ಡ್. ಎನ್ ಸೇರಿದರೆ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ಇದೆ, ಸಿ ಸೇರಿದರೆ ಫಂಗಸ್, ಬ್ಯಾಕ್ಟೀರಿಯಾ ತಡೆಯುವ ಕ್ಲಿಯೋಕ್ವಿನಾಲ್ ಇದೆ, ಎಸ್ ಸೇರಿದರೆ ಸ್ಯಾಲಿಸಿಲಿಕ್ ಆಸಿಡ್ ಇದೆ. ಸ್ಯಾಲಿಸಿಲಿಕ್ ಆಸಿಡ್ ದಪ್ಪಗಟ್ಟಿದ ಚರ್ಮವನ್ನು ಕರಗಿಸುವಂಥದ್ದು. ಅದನ್ನು ಮಗುವಿನ ಆ ಜಾಗಕ್ಕೆ ಹಚ್ಚಿದರೆ ಉರಿ ತಡೆಯಲಾರ. ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರ್ನಾಲ್ಕು ಸೇರಿಸಿದ ಕ್ರೀಮುಗಳೂ ನಮ್ಮಲ್ಲಿ ಧಾರಾಳ, ತುರಿಕೆ ಅಂದರೆ ಸಾಕು ಕೆಲವು ಕಡೆ ಅದನ್ನೇ ಕೊಟ್ಟುಬಿಡುತ್ತಾರೆ. ಸೋಂಕಿಲ್ಲದ ಬಿಗಿ ಚರ್ಮಕ್ಕೆ ಅವು ಬೇಕಾಗಿಲ್ಲ. ನನ್ನ ಮಗನಿಗೆ ಆಗ ಇನ್ನೂ ನಾಲ್ಕು ವರ್ಷ, ತುದಿ ಸ್ವಲ್ಪ ಕೆಂಪಾಗಿತ್ತು. ಪ್ರವಾಸಕ್ಕೆ ಹೋದ ಊರಿನಲ್ಲಿ ಒಂದು ಅಂಗಡಿಯವರು ಇಂಥದ್ದೇ ಟ್ಯೂಬು ಕೈಗಿತ್ತರು. ಹಿಂದಿನ ಚಿಕ್ಕ ಅಕ್ಷರ ಓದಿದರೆ ಅದರಲ್ಲಿದ್ದದ್ದು ಕ್ಲೋಬೆಟಾಸಾಲ್. ನನಗೆ ಓದಲು ಬರುತ್ತಿತ್ತು, ವಾಪಸ್ ಕೊಟ್ಟೆ. ಓದಲು ಬಾರದ ತಾಯಿ ಏನು ಮಾಡಬೇಕು? ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನಾವು ಚೀಟಿ ಕೇಳಿದಾಗ ಬೇಜಾರಾಗಬೇಡಿ.

ಜೋರು ಬರೀ ಹೆಸರಿನಲ್ಲಿ ಮುಗಿಯುವುದಿಲ್ಲ, ಅದು ಯಾವುದರಲ್ಲಿ ಕಲಸಿದ್ದಾರೆ, ಎಲ್ಲಿ ಹಚ್ಚುತ್ತೀರಿ ಅನ್ನುವುದರಲ್ಲೂ ಇದೆ. ಒಂದೇ ಔಷಧ ಕ್ರೀಮಿನಲ್ಲಿದ್ದರೆ ಸ್ವಲ್ಪ ಕಡಿಮೆ, ಜಿಡ್ಡಿನ ಮುಲಾಮಿನಲ್ಲಿದ್ದರೆ ಸಾಮಾನ್ಯವಾಗಿ ಜಾಸ್ತಿ, ಯಾಕೆಂದರೆ ಜಿಡ್ಡು ಚರ್ಮವನ್ನು ಮುಚ್ಚಿಕೊಂಡು ಔಷಧವನ್ನು ಒಳಗೆ ತಳ್ಳುತ್ತದೆ. ಮುಂದೊಗಲಿನ ಮಡಿಕೆ ತಾನೇ ಒಂದು ಮುಚ್ಚಳದ ಹಾಗೆ. ಮೇಲೆ ಡೈಪರ್ ಹಾಕಿದರೆ ಇನ್ನೊಂದು ಮುಚ್ಚಳ. ಆ ಭಾಗದ ಚರ್ಮವೂ ಬಹಳ ತೆಳ್ಳಗೆ. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವೈದ್ಯರು 1967ರಲ್ಲಿ ಅಳೆದಾಗ, ಮುಂಗೈಗೆ ಹೋಲಿಸಿದರೆ ವೃಷಣದ ಚರ್ಮ 42 ಪಟ್ಟು ಜಾಸ್ತಿ ಹೈಡ್ರೋಕಾರ್ಟಿಸೋನ್ ಹೀರಿಕೊಂಡಿತ್ತು. ಅದಕ್ಕೇ ಕ್ರೀಮು ವೃಷಣದ ಚೀಲಕ್ಕೆ, ತೊಡೆ ಸಂದಿಗೆ ತಾಗಬಾರದು ಅಂತ ಒತ್ತಿ ಹೇಳುವುದು. ಮೊಣಕೈ ಕಜ್ಜಿಗೆ ಯಾರೋ ಹಚ್ಚುವ ಅದೇ ಟ್ಯೂಬು ಇಲ್ಲಿ ಬೇರೆಯೇ ಲೆಕ್ಕ.

ಹಾಗಾದರೆ ಇದಕ್ಕೆ ಯಾವುದು ಒಳ್ಳೆಯದು?

ಜಗತ್ತಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸಿರುವುದು ಮೂರನೇ ಮೆಟ್ಟಿಲಿನ ಬೀಟಾಮೆಥಸೋನ್, 0.05% ಅಥವಾ 0.1%. ಮೊಮೆಟಸೋನ್, ಹೈಡ್ರೋಕಾರ್ಟಿಸೋನ್, ಕ್ಲೋಬೆಟಾಸೋನ್ ಕೂಡ ಬಳಸಿದ್ದಾರೆ. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2014ರ ಪರಿಶೀಲನೆಯಲ್ಲಿ 12 ಅಧ್ಯಯನ, 1,395 ಹುಡುಗರ ಲೆಕ್ಕ ಒಟ್ಟಿಗೆ ಹಾಕಿದರು. ಔಷಧ ಇಲ್ಲದ ಕ್ರೀಮು ಹಚ್ಚಿದವರಿಗಿಂತ ಸ್ಟಿರಾಯ್ಡ್ ಹಚ್ಚಿದವರಲ್ಲಿ ಬಿಗಿ ಪೂರ್ತಿಯಾಗಿಯೋ ಅರ್ಧದಷ್ಟೋ ಬಿಡುವುದು ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ತೈವಾನ್‌ನಲ್ಲಿ 2005ರಲ್ಲಿ ಜೋರಿನ ಬೀಟಾಮೆಥಸೋನನ್ನೂ ಮಧ್ಯಮದ ಕ್ಲೋಬೆಟಾಸೋನನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎರಡರಲ್ಲೂ 100ಕ್ಕೆ ಸುಮಾರು 80 ಹುಡುಗರಿಗೆ ಗುಣ ಕಂಡಿತು, ದೊಡ್ಡ ವ್ಯತ್ಯಾಸ ಇರಲಿಲ್ಲ.

ನಾನು ಕೌಂಟರಿನಲ್ಲಿ ಪದೇ ಪದೇ ಹೇಳುವುದೂ ಇದನ್ನೇ. ಪವರ್ ಜಾಸ್ತಿ ಮಾಡಿದರೆ ಚರ್ಮ ಬೇಗ ಬಿಡುತ್ತದೆ ಅನ್ನುವುದು ಸರಿಯಲ್ಲ. ಮೂರನೇ ಮೆಟ್ಟಿಲಿನದಕ್ಕೂ ಎರಡನೆಯದಕ್ಕೂ ಹೆಚ್ಚು ಅಂತರವೇ ಇಲ್ಲದಾಗ ನಾಲ್ಕನೆಯದಕ್ಕೆ ಹಾರುವುದು ಯಾಕೆ? ಕ್ಲೋಬೆಟಾಸಾಲನ್ನು 12 ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ಅಮೆರಿಕದ ಲೇಬಲ್ಲಿನಲ್ಲೇ ಬರೆದಿರುತ್ತದೆ. ಲೈಕೆನ್ ಸ್ಕ್ಲೆರೋಸಸ್ ಇರುವ ಮಗುವಿಗೆ ತಜ್ಞರು ಅದನ್ನೇ ಬರೆಯಬಹುದು, ಆಗ ಅವರ ಕಣ್ಣೆದುರಲ್ಲೇ ಚಿಕಿತ್ಸೆ ನಡೆಯುತ್ತದೆ, ಆ ಮಾತು ಬೇರೆ. ಎರಡು ವಾರಕ್ಕೆ ಏನೂ ಆಗಿಲ್ಲ ಅಂತ ಬಂದವರನ್ನು ಹೇಗೆ ಹಚ್ಚುತ್ತಿದ್ದೀರಿ ಅಂತ ಕೇಳಿದರೆ, ಹೆಚ್ಚಿನವರು ಕ್ರೀಮನ್ನು ಮೇಲಿನ ಚರ್ಮದ ಮೇಲೆಲ್ಲಾ ಸವರಿರುತ್ತಾರೆ, ಬಿಗಿ ಇರುವ ಉಂಗುರಕ್ಕೆ ಅದು ತಾಗಿಯೇ ಇರುವುದಿಲ್ಲ.

ಸ್ಟಿರಾಯ್ಡ್ ಇಲ್ಲಿ ಮಾಡುವ ಕೆಲಸ ಏನು ಅಂತಲೂ ತಿಳಿದಿರಲಿ. ಅದು ಉರಿಯೂತ ಇಳಿಸುತ್ತದೆ, ಬಿಗಿ ಉಂಗುರದ ಚರ್ಮವನ್ನು ಸ್ವಲ್ಪ ತೆಳುವಾಗಿಸಿ ಹಿಗ್ಗುವಂತೆ ಮಾಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಿಗೆ ಯಾವ ತೆಳುವಾಗುವಿಕೆ ಶಾಪವೋ, ಇಲ್ಲಿ ಕೆಲವೇ ವಾರಕ್ಕೆ ಅದೇ ನಮಗೆ ಬೇಕಾದದ್ದು. ಹಾಗಾಗಿ ಜಾಗ ತಪ್ಪಿದರೂ, ಕಾಲ ಮೀರಿದರೂ ಅದೇ ಗುಣ ತೊಂದರೆ ಕೊಡುತ್ತದೆ.

ಹಚ್ಚುವ ಬಗೆ

ಡಾಕ್ಟ್ರು ಬರೆದದ್ದು ದಿನಕ್ಕೆ ಒಂದು ಸಲವೋ ಎರಡು ಸಲವೋ ನೋಡಿಕೊಳ್ಳಿ. ಬೀಟಾಮೆಥಸೋನ್ ಹೆಚ್ಚಾಗಿ ಎರಡು ಸಲ, ಮೊಮೆಟಸೋನ್ ಸಾಮಾನ್ಯವಾಗಿ ಒಂದು ಸಲ. ಸ್ನಾನ ಆದ ಮೇಲೆ ಒಳ್ಳೆಯ ಸಮಯ, ಬೆಚ್ಚಗಿನ ನೀರಿಗೆ ಚರ್ಮ ಮೆತ್ತಗಾಗಿರುತ್ತದೆ. ಒಳಗೆ ಸೋಪು ಹಾಕಬೇಡಿ, ಬರೀ ನೀರು ಸಾಕು. ಅರಿಶಿನ, ಹರಳೆಣ್ಣೆ, ಡೆಟಾಲ್ ಏನೂ ಬೇಡ. ಮೆತ್ತಗೆ ಒರೆಸಿ. ಹಸಿ ಸೋಂಕು, ಕೀವು, ಗಾಯ ಇದ್ದರೆ ಅವತ್ತು ಹಚ್ಚಬೇಡಿ, ಮೊದಲು ಡಾಕ್ಟ್ರಿಗೆ ತೋರಿಸಿ. ಸೋಂಕಿನ ಮೇಲೆ ಬರೀ ಸ್ಟಿರಾಯ್ಡ್ ಹಚ್ಚಿದರೆ ಕೆಂಪು ಇಳಿದ ಹಾಗೆ ಕಂಡು ಒಳಗೊಳಗೇ ಸೋಂಕು ಹೆಚ್ಚಬಹುದು.

ಕೈ ತೊಳೆದುಕೊಳ್ಳಿ. ಮಗನನ್ನು ಮಲಗಿಸಿ ಅಥವಾ ಕೂರಿಸಿಕೊಂಡು, ಏನು ಮಾಡುತ್ತೇನೆ ಅಂತ ಅವನಿಗೆ ಮೊದಲು ಹೇಳಿ. ಈ ಜಾಗ ನಿನ್ನದು, ಅಮ್ಮ ಅಪ್ಪ ಔಷಧಿ ಹಚ್ಚುವಾಗ, ನಾವು ಜೊತೆಗಿದ್ದು ಡಾಕ್ಟ್ರು ನೋಡುವಾಗ ಬಿಟ್ಟು ಬೇರೆ ಯಾರೂ ಮುಟ್ಟಬಾರದು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ನಾನು ಹೇಳಿದೆ. ಅವನು ತಲೆ ಅಲ್ಲಾಡಿಸಿ, ಹಾಗಾದ್ರೆ ಅಜ್ಜಿ, ಅಂತ ಕೇಳಿದ. ಅಜ್ಜಿಯೂ ಕೇಳಿಯೇ ಮುಟ್ಟಬೇಕು ಅಂದೆ.

ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಹೊಟ್ಟೆಯ ಕಡೆಗೆ ಮೆಲ್ಲಗೆ ಸರಿಸಿ. ಎಲ್ಲಿ ಬಿಗಿ ಅನ್ನಿಸುತ್ತದೋ ಅಲ್ಲಿಗೆ ನಿಲ್ಲಿಸಿ. ಅವನು ಮುಖ ಕಿವುಚಿದರೆ ಅಷ್ಟಕ್ಕೇ ಸಾಕು, ಸ್ವಲ್ಪ ಹಿಂದೆ ಬನ್ನಿ. ಆಗ ತುದಿಯಲ್ಲಿ ಒಂದು ಕಿರಿದಾದ ಉಂಗುರ ಕಾಣುತ್ತದೆ. ಕ್ರೀಮು ಹೋಗಬೇಕಾದದ್ದು ಆ ಉಂಗುರಕ್ಕೆ, ಸುತ್ತಲೂ. ಒಳಗಿನ ಕೆಂಪು ತುದಿಗೆ ಬೇಕಾಗಿಲ್ಲ, ಹೊರಗಿನ ಉದ್ದ ಚರ್ಮಕ್ಕೂ ಬೇಕಾಗಿಲ್ಲ.

ಅಳತೆ ಬಹಳ ಕಡಿಮೆ. ದೊಡ್ಡವರ ತೋರುಬೆರಳಿನ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒತ್ತಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಇದಕ್ಕೆ ಅಷ್ಟೂ ಬೇಡ. ನಮ್ಮ ಕಡೆಯವರಿಗೆ ನಾನು ಹೀಗೆ ಹೇಳುತ್ತೇನೆ: ಮೆಕ್ಕೆಜೋಳದ ಕಾಳಷ್ಟಲ್ಲ, ರೊಟ್ಟಿ ಮಾಡುವ ಬಿಳಿಜೋಳದ ಕಾಳಷ್ಟು. ತೆಳ್ಳಗೆ ಹಚ್ಚಿ ಮೆಲ್ಲಗೆ ಉಜ್ಜಿ, ಬಿಳಿ ಉಳಿಯಬಾರದು. 15-20 ಗ್ರಾಂ ಟ್ಯೂಬು ಪೂರ್ತಿ ಆರು ವಾರಕ್ಕೂ ಸಾಕು, ಎರಡೇ ವಾರದಲ್ಲಿ ಖಾಲಿಯಾದರೆ ಜಾಸ್ತಿ ಹಚ್ಚಿದ್ದೀರಿ ಅಂತಲೇ ಅರ್ಥ.

ಹಚ್ಚಿದ ಮೇಲೆ ಚರ್ಮವನ್ನು ಮುಂದಕ್ಕೆ ತಂದೇ ತರಬೇಕು. ಇದನ್ನು ಮಾತ್ರ ಮರೆಯಬೇಡಿ, ಕಾರಣ ಕೆಳಗೆ ಬರುತ್ತದೆ. ಆಮೇಲೆ ನಿಮ್ಮ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗಬಾರದು. ರಾತ್ರಿ ಡೈಪರ್ ಹಾಕುವ ಮಗುವಾದರೆ ಅದನ್ನು ಡಾಕ್ಟ್ರಿಗೆ ಮೊದಲೇ ಹೇಳಿ.

ಮೊದಲ ಒಂದೆರಡು ವಾರ ಬರೀ ಹಚ್ಚುವುದು. ಆಮೇಲೆ ಚರ್ಮ ಸಡಿಲವಾಗುತ್ತಾ ಬಂದ ಹಾಗೆ, ಹಚ್ಚುವಾಗ ನೋವಾಗದಷ್ಟು ಹಿಂದೆ ಸರಿಸಿ ಒಂದರ್ಧ ನಿಮಿಷ ಹಿಡಿದು ಬಿಡಿ. ಬಲ ಬೇಡ, ದಿನಾ ಒಂದೆಳೆಯಷ್ಟು ಮುಂದೆ ಹೋದರೆ ಸಾಕು. ರಕ್ತ ಬಂದರೆ ನಿಲ್ಲಿಸಿ, ಎರಡು ದಿನ ಬಿಟ್ಟು ಡಾಕ್ಟ್ರಿಗೆ ಕೇಳಿ ಮುಂದುವರಿಸಿ. ಏಳೆಂಟು ವರ್ಷ ದಾಟಿದ ಹುಡುಗನಾದರೆ ಅವನ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿದ್ದು ನೋಡಿ. ಅವನ ಕೈಗೆ ಎಲ್ಲಿ ನೋಯುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು.

ಎಷ್ಟು ವಾರ, ಯಾವಾಗ ನಿಲ್ಲಿಸಬೇಕು

ಹೆಚ್ಚಾಗಿ 4ರಿಂದ 8 ವಾರ ಬರೆಯುತ್ತಾರೆ. ನನ್ನ ಮಗನಿಗೆ ಮೂರನೇ ವಾರದ ತನಕ ಏನೂ ವ್ಯತ್ಯಾಸ ಕಾಣಲಿಲ್ಲ, ನಾಲ್ಕನೇ ವಾರ ಒಳಗಿನ ತುದಿ ಒಂದು ಚೂರು ಕಂಡಿತು, ಆರಕ್ಕೆ ಅರ್ಧ ಬಂತು. ಕ್ರೀಮು ನಿಲ್ಲಿಸಿದೆವು, ಉಳಿದದ್ದು ಆಮೇಲೆ ದಿನಾ ಸ್ನಾನದಲ್ಲಿ ತಾನೇ ಸರಿಸಿಕೊಳ್ಳುತ್ತಾ ಬಿಟ್ಟಿತು. ಪೂರ್ತಿ ಬರಲೇಬೇಕು ಅಂತ ಹಟ ಬೇಡ. ಅವನ ವಯಸ್ಸಿಗೆ ಉಚ್ಚೆ ಸಲೀಸಾಗಿ, ನೋವಿಲ್ಲದೆ, ಸೋಂಕಿಲ್ಲದೆ ಆಗುವುದು ಮುಖ್ಯ.

ಬರೆದಷ್ಟು ವಾರ ಮುಗಿದ ಮೇಲೆ ನೀವಾಗಿ ಮುಂದುವರಿಸಬೇಡಿ. ಇನ್ನೊಂದು ಸುತ್ತು ಬೇಕಾದರೆ ನಡುವೆ ಬಿಡುವು ಕೊಟ್ಟು ಡಾಕ್ಟ್ರೇ ಬರೆಯುತ್ತಾರೆ. ಚರ್ಮ ತುಂಬ ತೆಳ್ಳಗಾಗಿ ಹೊಳೆಯುವುದು, ಸಣ್ಣ ಕೆಂಪು ನರ ಕಾಣುವುದು, ಬಣ್ಣ ಮಾಸುವುದು, ಉರಿ, ಗುಳ್ಳೆ ಇವು ಕಂಡರೆ ನಿಲ್ಲಿಸಿ ತೋರಿಸಿ. ಸ್ಟಿರಾಯ್ಡ್ ಮೈಗೆ ಸೇರಿ ಬೆಳವಣಿಗೆ ನಿಲ್ಲುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಅದು ದೊಡ್ಡ ಜಾಗಕ್ಕೆ, ಜೋರಿನದನ್ನು, ತಿಂಗಳುಗಟ್ಟಲೆ ಹಚ್ಚಿದಾಗಿನ ಭಯ. ಉಗುರಿನಷ್ಟು ಜಾಗಕ್ಕೆ ಜೋಳದ ಕಾಳಷ್ಟನ್ನು ಕೆಲವೇ ವಾರ ಹಚ್ಚುವಾಗ ಆ ಭಯ ಬೇಡ. ಆದರೆ ಅದೇ ಮಗು ಉಬ್ಬಸಕ್ಕೆ ಸ್ಟಿರಾಯ್ಡ್ ಪಂಪ್ ಬಳಸುತ್ತಿದ್ದರೆ, ಇಸುಬಿಗೆ ಬೇರೆ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಡಾಕ್ಟ್ರಿಗೆ ಹೇಳಲೇಬೇಕು, ಒಟ್ಟು ಲೆಕ್ಕ ಅವರು ನೋಡಬೇಕು.

ನಿಲ್ಲಿಸಿದ ಮೇಲೆ ಕೆಲವರಿಗೆ ಮತ್ತೆ ಬಿಗಿಯಾಗುತ್ತದೆ. ದಿನಾ ಸ್ನಾನದಲ್ಲಿ ಒಮ್ಮೆ ಮೆಲ್ಲಗೆ ಸರಿಸಿ, ತೊಳೆದು, ಮುಂದಕ್ಕೆ ತರುವ ಅಭ್ಯಾಸ ಇಟ್ಟುಕೊಂಡರೆ ಹಾಗಾಗುವುದು ಕಡಿಮೆ. ಎರಡು ಸುತ್ತು ಸರಿಯಾಗಿ ಹಚ್ಚಿಯೂ ಆಗದಿದ್ದರೆ ಮಕ್ಕಳ ಸರ್ಜನ್ ಹತ್ತಿರ ಹೋಗಿ. ಬರೀ ಉಂಗುರವನ್ನು ಅಗಲ ಮಾಡುವ ಆಪರೇಷನ್ನೂ ಇದೆ, ಸುನ್ನತಿಯೂ ಇದೆ. ಸುನ್ನತಿ ಅಂದ ತಕ್ಷಣ ನಮ್ಮದಲ್ಲ ಅಂತ ಎದ್ದು ಬರಬೇಡಿ, ಗಾಯದ ಗುರುತು ಕಟ್ಟಿದ ಚರ್ಮಕ್ಕೆ ಅದು ಬರೀ ಚಿಕಿತ್ಸೆ. ಹಾಗೆಯೇ ಆರೋಗ್ಯವಾಗಿರುವ ಎರಡು ವರ್ಷದ ಮಗುವಿಗೆ ಬಿಗಿ ಇದೆ ಅಂತ ಆಪರೇಷನ್‌ಗೆ ಅವಸರ ಮಾಡಿದರೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ.

ರಾತ್ರಿಯಾದರೂ ಓಡಬೇಕಾದದ್ದು

ಹಿಂದೆ ಸರಿಸಿದ ಚರ್ಮ ಮುಂದಕ್ಕೆ ಬರದೆ ಅಲ್ಲೇ ಸಿಕ್ಕಿಕೊಂಡರೆ, ಬಿಗಿ ಉಂಗುರ ದಾರ ಕಟ್ಟಿದ ಹಾಗೆ ಹಿಡಿದು ತುದಿ ಊದುತ್ತದೆ. ಇದಕ್ಕೆ ಪ್ಯಾರಾಫೈಮೋಸಿಸ್ ಅನ್ನುತ್ತಾರೆ. ಗಂಟೆಗಟ್ಟಲೆ ಬಿಟ್ಟರೆ ರಕ್ತ ಓಡಾಟ ನಿಂತು ತುದಿಗೆ ಹಾನಿಯಾಗುತ್ತದೆ. ತಣ್ಣೀರಿನ ಬಟ್ಟೆ ಸುತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಹರಿಹರ, ಹೊನ್ನಾಳಿ, ಜಗಳೂರಿನವರು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ದೊಡ್ಡ ಊರಿಗೇ ಹೋಗೋಣ ಅಂತ ದಾರಿಯಲ್ಲಿ ಹೊತ್ತು ಕಳೆಯಬೇಡಿ. ಉಚ್ಚೆ ಪೂರ್ತಿ ಕಟ್ಟಿಹೋದರೆ, ಹನಿ ಹನಿ ಮಾತ್ರ ಬಂದು ಹೊಟ್ಟೆ ಕೆಳಗೆ ಉಬ್ಬಿದರೆ, ಉಚ್ಚೆ ಉರಿಯ ಜೊತೆ ಜ್ವರ ಬಂದರೆ ಆಗಲೂ ಅಷ್ಟೇ.

ಉಳಿದ ಟ್ಯೂಬಿನ ಬಗ್ಗೆ ಒಂದು ಮಾತು. ತೆರೆದ ದಿನದ ತಾರೀಖನ್ನು ಪೆನ್ನಿನಲ್ಲಿ ಟ್ಯೂಬಿನ ಮೇಲೆ ಬರೆದಿಡಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ, ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಚಿಕಿತ್ಸೆ ಮುಗಿದ ಮೇಲೆ ಅಕ್ಕನ ಮಗಳ ಮೊಡವೆಗೆ, ಪಕ್ಕದ ಮನೆಯವರ ಗಜಕರ್ಣಕ್ಕೆ ಕೊಡಬೇಡಿ. ಗಜಕರ್ಣಕ್ಕೆ ಸ್ಟಿರಾಯ್ಡ್ ಹಚ್ಚಿದರೆ ನಾಲ್ಕು ದಿನ ತುರಿಕೆ ನಿಂತು ಆಮೇಲೆ ಮೈಯೆಲ್ಲಾ ಹಬ್ಬುತ್ತದೆ. ಅಂಥವರು ವಾರಕ್ಕೆ ಮೂರ್ನಾಲ್ಕು ಜನ ನಮ್ಮ ಅಂಗಡಿಗೆ ಬರುತ್ತಾರೆ. ಟ್ಯೂಬನ್ನು ಕತ್ತರಿಸಿ ಕಸಕ್ಕೆ ಹಾಕಿ.